ನಿಂಗಾಜಮ್ಮನ ಮೊಳಕೆ ನೀರು

ಒಂದಾನೊಂದು ಕಾಲದಲ್ಲಿ, ಯಾವ ಕಾಲ ಅಂತ ನಡುವೆ ಕೇಳಬಾರದು, ಒಬ್ಬ ರಾಜನ ತರಕಾರಿ ತೋಟವನ್ನು ನಿಂಗಾಜಮ್ಮ ಅನ್ನೋ ಹೆಂಗಸು ನೋಡಿಕೊಳ್ಳುತ್ತಿದ್ದಳಂತೆ. ಗಂಡ ಇರಲಿಲ್ಲ. ಮೂರು ಜನ ಗಂಡುಮಕ್ಕಳಿದ್ದರು. ಇದ್ದರು, ಅಷ್ಟೇ.

ರಾಜನ ಮಗಳು ಬಸುರಿ. ಅವಳಿಗೆ ಬದನೆಕಾಯಿ ಎಣ್ಣೆಗಾಯಿ ತಿನ್ನೋ ಬಯಕೆ. ತೋಟದಲ್ಲಿದ್ದ ಮೂರು ಸಾಲು ಬದನೆಯೋ, ಹಳದಿ ತಿರುಗಿ, ಬಿಟ್ಟ ಹೂವೆಲ್ಲ ಉದುರಿಸಿಕೊಂಡು ನಿಂತಿದ್ದವಂತೆ. ರಾಜ ಬಂದು ನೋಡಿ, ಸೀಮಂತದ ದಿನ ಮಗಳ ಎಲೆಗೆ ಈ ತೋಟದ ಬದನೆಕಾಯಿ ಬೀಳದಿದ್ದರೆ ತೋಟದ ಮನೆ ಖಾಲಿ ಮಾಡು ಅಂದನಂತೆ. ಪಕ್ಕದೂರಿನ ಸಂತೆಯಲ್ಲಿ ಬುಟ್ಟಿಗಟ್ಟಲೆ ಬದನೆಕಾಯಿ ಸಿಗುತ್ತಿತ್ತು. ರಾಜರಿಗೆ ಅಂಥದ್ದೆಲ್ಲ ಹೊಳೆಯೋದಿಲ್ಲ.

ನಿಂಗಾಜಮ್ಮನಿಗೆ ಅವಳ ಅವ್ವ ಹೇಳಿಕೊಟ್ಟ ಮದ್ದು ಗೊತ್ತಿತ್ತು. ಹುರಳಿಕಾಳು ನೆನೆಹಾಕಿ, ಬಟ್ಟೆಯಲ್ಲಿ ಕಟ್ಟಿಟ್ಟು, ಮೊಳಕೆ ಉಗುರುದ್ದ ಬಂದಮೇಲೆ ರುಬ್ಬಿ, ಹತ್ತು ಪಾಲು ನೀರಿಗೆ ಬೆರೆಸಿ ಬುಡಕ್ಕೆ ಹುಯ್ಯೋದು. ಇಷ್ಟೇ. ಮನೆಯಲ್ಲಿದ್ದದ್ದು ನಾಲ್ಕು ಸೇರು ಹುರಳಿ. ಒಂದು ಸೇರು ಕಟ್ಟಿಟ್ಟು, ಮೊಳಕೆ ಬಂದಮೇಲೆ ರುಬ್ಬಿ ಗಿಡಕ್ಕೆ ಹುಯ್ಯಿ ಅಂತ ಹಿರಿಮಗನಿಗೆ ಹೇಳಿ, ತಾನು ಅರಮನೆಗೆ ಸೊಪ್ಪು ಕೊಡಲು ಹೋದಳಂತೆ.

ವಾಪಸು ಬಂದರೆ ಬೀದಿವರೆಗೂ ಒಗ್ಗರಣೆ ಘಮ. ಗಿಡಕ್ಕೆ ಹುಯ್ದೆಯೇನೋ? ಇಲ್ಲ ಕಣವ್ವಾ, ಇಂಥ ಒಳ್ಳೇ ಮೊಳಕೆಕಾಳನ್ನ ಮಣ್ಣಿಗೆ ಹುಯ್ಯೋದುಂಟಾ, ಸಾರು ಮಾಡಿದೀನಿ, ಬಾ, ಮುದ್ದೆ ಆರೋಗುತ್ತೆ. ನಿಂಗಾಜಮ್ಮ ಹಣೆ ಚಚ್ಚಿಕೊಂಡಳು. ಆಮೇಲೆ ಉಂಡಳು. ಹಸಿವಾಗಿತ್ತು.

ಆಮೇಲೆ ಎರಡನೇ ಸೇರು, ನಡುವಲ ಮಗ. ಇದು ತಿನ್ನೋದಲ್ಲ ಕಣಪ್ಪಾ, ಗಿಡಕ್ಕೆ ಮದ್ದು ಅಂತ ಮೂರು ಸಲ ಹೇಳಿದಳಂತೆ. ಮದ್ದು ಅಂದಮೇಲೆ ಕುದಿಸದೆ ಇರ್ತಾರಾ? ಅವನು ಮೆಣಸು ಶುಂಠಿ ಹಾಕಿ ಕುದಿಸಿ, ಆರಿದರೆ ಗುಣ ಹೋಗುತ್ತೆ ಅಂತ ಬಿಸಿಬಿಸಿಯಾಗೇ ಹುಯ್ದನಂತೆ. ಒಂದು ಸಾಲು ಗಿಡ ನಿಂತಲ್ಲೇ ಬೆಂದುಹೋಯಿತು. ಹುಯ್ತಿದ್ದಂಗೇ ಎಲ್ಲಾ ತಲೆ ಬಗ್ಗಿಸಿದವು ಕಣವ್ವಾ, ಹಿಡಿಸಿರಬೇಕು ಅಂದ.

ಆಮೇಲೆ ಮೂರನೇ ಸೇರು. ಕತೆಯಲ್ಲಿ ಕಿರಿಮಗ ಜಾಣ ಆಗಿರ್ತಾನೆ ಅಂತ ಕಾದಿದ್ದೀಯಲ್ಲ, ನಿಂಗಾಜಮ್ಮನೂ ಕಾದಿದ್ದಳು. ಅವನು ತಿನ್ನಲಿಲ್ಲ, ಕುದಿಸಲಿಲ್ಲ, ನುಣ್ಣಗೆ ರುಬ್ಬಿದ, ಹತ್ತು ಪಾಲು ನೀರು ಬೆರೆಸಿದ, ಒಂದು ಹನಿ ನಾಲಿಗೆಗೆ ಹಚ್ಚಿ ನೋಡಿದ. ಸಪ್ಪೆ. ಪಾಪ, ಇದನ್ನ ಗಿಡ ಹೆಂಗೆ ಕುಡಿಯುತ್ತೆ ಅಂತ ಎರಡು ಬೊಗಸೆ ಉಪ್ಪು ಹಾಕಿ ಹುಯ್ದನಂತೆ. ಇನ್ನೊಂದು ಸಾಲು ಹೋಯಿತು. ಉಳಿದದ್ದು ಒಂದು ಸಾಲು, ಒಂದು ಸೇರು, ಸೀಮಂತಕ್ಕೆ ಒಂದು ತಿಂಗಳು.

ಈ ಸಲ ನಿಂಗಾಜಮ್ಮ ಯಾರನ್ನೂ ಕರೆಯಲಿಲ್ಲ. ಮೊಳಕೆ ಗಂಟಿನ ಪಕ್ಕ ಪೊರಕೆ ಹಿಡಿದು ಮೂರು ದಿನ ಕೂತಳಂತೆ. ತಾನೇ ರುಬ್ಬಿ, ತಾನೇ ಬೆರೆಸಿ, ತಣ್ಣಗೆ ಬುಡಕ್ಕೆ ಹುಯ್ದಳು. ವಾರಕ್ಕೆ ಎಲೆ ಹಸಿರಾಯಿತು, ಆಮೇಲೆ ಹೂವು ನಿಂತಿತು, ಆಮೇಲೆ ಕಾಯಿ ಹಿಡಿಯಿತು. ಸೀಮಂತದ ದಿನ ರಾಜನ ಮಗಳು ಏಳು ಎಣ್ಣೆಗಾಯಿ ತಿಂದು ಎಂಟನೆಯದಕ್ಕೆ ಕೈ ಚಾಚಿದಳಂತೆ. ರಾಜ ಖುಷಿಯಾಗಿ, ತೋಟದ ಮನೆ ಇನ್ನು ನಿನ್ನದೇ, ಯಾರೂ ಬಿಡಿಸೋ ಹಾಗಿಲ್ಲ ಅಂದನಂತೆ.

ಆಗ ಮೂವರು ಮಕ್ಕಳೂ ಬಂದು, ನೋಡಿದೆಯಾ ಅವ್ವಾ, ನಾವು ಅಷ್ಟು ಕಷ್ಟಪಟ್ಟಿದ್ದಕ್ಕೂ ಸಾರ್ಥಕ ಆಯ್ತು ಅಂದರಂತೆ. ನಿಂಗಾಜಮ್ಮ ಬಯ್ಯಲಿಲ್ಲ. ಒಳಗಿಂದ ಮೂರು ಕೊಡ ತಂದು ಮೂವರ ಕೈಗೂ ಕೊಟ್ಟು, ಬಾವಿ ಕಡೆ ಬೆರಳು ತೋರಿಸಿದಳು. ಬರೀ ನೀರು ಕಣ್ರಪ್ಪಾ, ಬೇರೇನೂ ಹಾಕಬೇಡಿ. ಇವತ್ತಿಗೂ ಅವರು ಹೊರ್ತಾನೇ ಇದಾರಂತೆ, ಅವಳು ಜಗಲಿ ಮೇಲೆ ಎಲೆಯಡಿಕೆ ಹಾಕ್ಕೊಂಡು ಸುಖವಾಗಿದಾಳಂತೆ.

ಕತೆ ಮುಗೀತು, ಕಣ್ಣು ಮುಚ್ಚು. ಆಮೇಲೇನಾಯ್ತು ಅಂತ ಕೇಳಬೇಡ. ಅವರನ್ನ ನೀರು ಹೊರೋಕೆ ಬಿಡು.