ಕಲ್ಲಿನ ಮೇಲಿಟ್ಟ ಚಾಕು

ಕಾಡಿನ ನಡುವೆ ಒಂದು ಕೊಳ. ಕೊಳದ ದಡದಲ್ಲಿ ಒಂದು ಬಿಲ. ಬಿಲದಲ್ಲಿ ಬರಮಣ್ಣ ಎಂಬ ಮುಳ್ಳುಹಂದಿ ಇದ್ದ. ಅವನ ಹೆಂಡತಿ ಕಾಳವ್ವ ಹೋದ ಮಳೆಗಾಲದಲ್ಲಿ ತೀರಿಕೊಂಡಿದ್ದಳು. ಮಕ್ಕಳೇ, ಇದು ಅವಳ ಚಾಕುವಿನ ಕತೆ.

ಚಾಕು ಅವಳಿಗೆ ಕಾಲುದಾರಿಯಲ್ಲಿ ಸಿಕ್ಕಿತ್ತು. ಯಾರೋ ಮನುಷ್ಯರ ಜೇಬಿನಿಂದ ಬಿದ್ದದ್ದು. ಕೆಂಪು ಹಿಡಿ. ಮಡಚಿದರೆ ಒಳಗಿನದು ಏನೂ ಕಾಣದು. ಬಿಡಿಸಿದರೆ ಅಲಗು, ಗರಗಸ, ಕತ್ತರಿ, ಚಿಮ್ಮಟ, ಡಬ್ಬಿ ತೆಗೆಯುವ ಕೊಕ್ಕೆ. ಕಾಡಿನಲ್ಲಿ ಡಬ್ಬಿ ಎಲ್ಲಿಂದ ಬರಬೇಕು? ಆ ಕೊಕ್ಕೆಯಲ್ಲಿ ಅವಳು ಗೆಡ್ಡೆ ಮೀಟುತ್ತಿದ್ದಳು.

ಕೇಳಿದವರಿಗೆಲ್ಲ ಕೊಡುತ್ತಿದ್ದಳು. ಆದರೆ ಕೈಗೆ ಕೊಡುತ್ತಿರಲಿಲ್ಲ. ಚಾಕು ಕೈಯಿಂದ ಕೈಗೆ ಹೋದರೆ ಕೊಟ್ಟವರಿಗೂ ತಗೊಂಡವರಿಗೂ ಜಗಳ ಬರುತ್ತದೆ ಎಂದು ಅಲ್ಲಿಯವರ ನಂಬಿಕೆ. ಬಿಲದ ಬಾಯಲ್ಲಿ ಒಂದು ಚಪ್ಪಟೆ ಕಲ್ಲಿತ್ತು. ಅದರ ಮೇಲಿಡುತ್ತಿದ್ದಳು. ಅವರು ಎತ್ತಿಕೊಳ್ಳುತ್ತಿದ್ದರು. ವಾಪಸು ಬಂದಾಗ ಒರೆಸಿ, ಕೀಲಿಗೆ ಒಂದು ತೊಟ್ಟು ಹೊಂಗೆ ಎಣ್ಣೆ ಬಿಡುತ್ತಿದ್ದಳು. ಎಷ್ಟೋ ವರ್ಷ ಹೀಗೇ ನಡೆಯಿತು. ಒಂದು ಅಲಗೂ ಸಡಿಲವಾಗಲಿಲ್ಲ.

ಅವಳು ಹೋದ ಮೇಲೆ ಬರಮಣ್ಣ ಚಾಕುವನ್ನು ಎಲೆಯಲ್ಲಿ ಸುತ್ತಿ ಬಿಲದ ಒಳಮೂಲೆಗೆ ಸೇರಿಸಿದ. ಅವಳು ಒರೆಸಿದ್ದೇ ಕೊನೆ, ಇನ್ನು ಯಾರೂ ಮುಟ್ಟಬಾರದು ಅಂದುಕೊಂಡ.

ಒಂದು ಬೆಳಿಗ್ಗೆ ಮೊಲ ಜಡೆಯ ಓಡಿ ಬಂದ. ಬಿಳಚಿ ಅವನ ಹೆಂಡತಿ.

“ಬರಮಣ್ಣ, ಬಿಳಚಿ ಉರುಳಿಗೆ ಸಿಕ್ಕಿದ್ದಾಳೆ. ನೈಲಾನು ದಾರ. ಕುತ್ತಿಗೆಯೊಳಗೆ ಇಳಿದಿದೆ, ಹಲ್ಲಿಗೆ ಸಿಗ್ತಿಲ್ಲ. ಕತ್ತರಿ ಕೊಡು.”

“ಚಾಕು ಕೊಡೋದು ಬಿಟ್ಟಿದ್ದೀನಿ.”

“ಯಾಕಣ್ಣ?”

“ಅದರ ಮೇಲೆ ಅವಳು ಹಚ್ಚಿದ ಎಣ್ಣೆ ಇದೆ. ನೀವು ಮುಟ್ಟಿದರೆ ಹೋಗುತ್ತೆ.”

ಜಡೆಯ ಕಲ್ಲಿನ ಪಕ್ಕ ಕೂತುಬಿಟ್ಟ. “ಹೆಂಡತಿ ಇಲ್ಲದ ಬಿಲ ಹೇಗಿರುತ್ತೆ ಅಂತ ನಿನಗೆ ಗೊತ್ತಲ್ಲ ಅಣ್ಣ,” ಅಂದ.

ಬರಮಣ್ಣ ಮುಖ ತಿರುಗಿಸಿದ. ಬಿಸಿಲು ಕಲ್ಲಿನ ಮೇಲೆ ಏರಿತು. ಜಡೆಯ ಕೇಳುತ್ತಲೇ ಇದ್ದ. ಇವನು ತಿರುಗಲಿಲ್ಲ.

ಕೊಳದಿಂದ ಮುದಿ ಆಮೆ ಬೂದವ್ವ ತಲೆ ಎತ್ತಿದಳು. “ಏನೋ ಬರಮ, ಕಾಳವ್ವ ಇದ್ದಿದ್ರೆ ಇಷ್ಟು ಹೊತ್ತಿಗೆ ಉರುಳು ಕತ್ತರಿಸಿ ಬಂದು, ಅದೇ ಚಿಮ್ಮಟದಲ್ಲಿ ನಿನ್ನ ಮುಳ್ಳು ಒಂದೊಂದೇ ಕೀಳ್ತಿದ್ಳು.”

ಆ ಮಾತು ನಾಟಿತು. ಬರಮಣ್ಣ ಒಳಗೆ ಹೋಗಿ ಚಾಕು ತಂದ. ಇಬ್ಬರೂ ಓಡಿದರು.

ಬಿಳಚಿಗೆ ಇನ್ನೂ ಉಸಿರಿತ್ತು. ಬರಮಣ್ಣ ಕತ್ತರಿ ಬಿಡಿಸಲು ಹೋದ. ಬರಲಿಲ್ಲ. ಕಾಳವ್ವ ಹಚ್ಚಿದ ಎಣ್ಣೆ ಒಣಗಿ ಅಂಟಾಗಿತ್ತು. ಕೀಲಿಗೆ ತುಕ್ಕು ಹಿಡಿದಿತ್ತು. ಎಳೆದ. ಉಗುರು ಮುರಿಯಿತು. ಮತ್ತೆ ಎಳೆದ.

“ಎಣ್ಣೆ ಬೇಕು,” ಅಂದ.

ಜಡೆಯ ಹೊಂಗೆ ಬೀಜ ಹುಡುಕಿ ತಂದ. ಕಹಿ ಎನ್ನದೆ ಅಗಿದು ಕೀಲಿಗೆ ಉಗಿದ. ಕಾದರು. ಕೀಲು ಸ್ವಲ್ಪ ಸ್ವಲ್ಪವೇ ಸಡಿಲವಾಯಿತು. ಕತ್ತರಿ ಬಿಚ್ಚಿತು.

ಅದರ ಬಾಯಿ ಮೊದಲಿನಷ್ಟೇ ಹರಿತ. ಒಂದೇ ಸಲಕ್ಕೆ ದಾರ ತುಂಡಾಯಿತು.

ಬಿಳಚಿ ಏಳಲಿಲ್ಲ.

ಮೂರು ದಿನ ಬರಮಣ್ಣ ಬಿಲ ಬಿಟ್ಟು ಹೊರಗೆ ಬರಲಿಲ್ಲ. ನಾಲ್ಕನೆಯ ದಿನ ಜಡೆಯನೇ ಬಂದು ನಿಂತ.

“ಕೊಳದ ದಾರಿಯಲ್ಲಿ ಇನ್ನೂ ಉರುಳುಗಳಿವೆ. ಕತ್ತರಿ ಬೇಕು.”

ಬರಮಣ್ಣ ತಡಮಾಡಲಿಲ್ಲ. ಚಾಕು ತಂದು ಕೈ ಮುಂದೆ ಚಾಚಿದ.

ಜಡೆಯ ಹಿಂದೆ ಸರಿದ. “ಕೈಗೆ ಬೇಡ. ಕಲ್ಲಿನ ಮೇಲಿಡು.”

ಬರಮಣ್ಣ ಅವನ ಮುಖ ನೋಡಿದ.

“ನಿನ್ನ ಹತ್ತಿರ ಜಗಳ ನನಗೆ ಬೇಡ ಅಣ್ಣ,” ಅಂದ ಜಡೆಯ. “ಕಾಳವ್ವ ಹೇಗಿಡ್ತಿದ್ಳೋ ಹಾಗಿಡು.”

ಬರಮಣ್ಣ ಚಾಕುವನ್ನು ಕಲ್ಲಿನ ಮೇಲಿಟ್ಟ. ಜಡೆಯ ಎತ್ತಿಕೊಂಡು ಹೋದ. ಸಂಜೆಗೆ ವಾಪಸು ತಂದು ಅಲ್ಲೇ ಇಟ್ಟ. ಬರಮಣ್ಣ ಅದನ್ನು ಒರೆಸಿದ. ಕೀಲಿಗೆ ಒಂದು ತೊಟ್ಟು ಎಣ್ಣೆ ಬಿಟ್ಟ. ಒಳಗೆ ಒಯ್ಯಲಿಲ್ಲ.

ನೀತಿ: ಹೋದವರ ವಸ್ತುವನ್ನು ಮುಚ್ಚಿಟ್ಟರೆ ತುಕ್ಕು ತಿನ್ನುತ್ತದೆ, ಇರುವವರ ಕೆಲಸಕ್ಕೆ ಕೊಟ್ಟರೆ ಅದು ಬಾಳುತ್ತದೆ.