ಹೊಸ್ತಿಲ ಮೇಲಿನ ಮೊರ

ಬಹಳ ಹಿಂದೆ, ಎಷ್ಟು ಹಿಂದೆ ಅಂತ ಕೇಳಿದರೆ ಹೇಳುವವರೇ ಜಗಳವಾಡುವಷ್ಟು ಹಿಂದೆ, ಬಿಳಿಕಲ್ಲುಪುರ ಅಂತ ಒಂದು ಊರಿತ್ತಂತೆ. ಊರಿನವರೆಲ್ಲ ಕ್ರೈಸ್ತರು. ಊರಿಗೆ ಒಂದೇ ಗುಡಿ, ಗುಡಿಗೆ ಒಂದೇ ಬಾಗಿಲು. ದೇವರ ಮುಂದೆ ಎಲ್ಲರೂ ಸಮಾನರು. ಕೂರುವುದು ಮಾತ್ರ ಮೇಲಿನ ಕೇರಿಯವರು ಎಡಕ್ಕೆ, ಕೆಳಗಿನ ಕೇರಿಯವರು ಬಲಕ್ಕೆ.

ಆ ಊರಿನ ಸೂಲಗಿತ್ತಿ ಮುದುಕಿ ಮದಲೇನಮ್ಮ. ಬಸುರಿಯ ನಡಿಗೆ ನೋಡಿಯೇ ಅವಳು ಹೆರಿಗೆಯ ದಿನ ಹೇಳುತ್ತಿದ್ದಳಂತೆ. ಅಡ್ಡ ನಿಂತ ಕೂಸು ಅವಳು ಗದರಿದರೆ ತಿರುಗಿಕೊಳ್ಳುತ್ತಿತ್ತಂತೆ. ಊರಿನ ಯಜಮಾನ ರಾಯಪ್ಪಗೌಡನೂ ಹಾಗೆ ಗದರಿಸಿಕೊಂಡೇ ಹುಟ್ಟಿದವನಂತೆ. ಆಮೇಲೆ ಅವನನ್ನು ಗದರುವವರು ಯಾರೂ ಸಿಗಲಿಲ್ಲ.

ಒಂದು ಸಲ ದಾರಿಹೋಕ ಹೆಂಗಸೊಬ್ಬಳು ಮದಲೇನಮ್ಮನ ಜಗಲಿಯಲ್ಲಿ ಹೆತ್ತು ತೀರಿಕೊಂಡಳು. ಹೆಣ್ಣುಕೂಸು ಉಳಿಯಿತು. ಯಾವ ಊರು, ಯಾವ ಕುಲ, ಒಂದೂ ಗೊತ್ತಿಲ್ಲ. ಕೂಸು ಹೆಜ್ಜೆ ಇಡುವ ಹೊತ್ತಿಗೆ ತಾನಿರುವುದಿಲ್ಲ ಅಂತ ಮುದುಕಿಗೆ ಗೊತ್ತಿತ್ತು. ಕೂಸಿಗೆ ಗುಡಿಯಲ್ಲಿ ತಲೆಗೆ ನೀರು ಹೊಯ್ದು ಜ್ಞಾನಸ್ನಾನವಾಗಬೇಕು, ಯಾರಾದರೂ ನಮ್ಮದು ಅನ್ನಬೇಕು. ಅಲ್ಲಿನ ಪದ್ಧತಿ ಹೀಗೆ: ಕೂಸನ್ನು ಮೊರದಲ್ಲಿ ಮಲಗಿಸಿ ಗುಡಿಯ ಹೊಸ್ತಿಲ ಮೇಲೆ ಇಡುತ್ತಾರೆ. ಮೊರ ಎತ್ತಿದವರೇ ಜ್ಞಾನತಂದೆ, ಜ್ಞಾನತಾಯಿ. ಹೆತ್ತವರಿಲ್ಲದಿದ್ದರೆ ಸಾಕುವವರೂ ಅವರೇ.

ಮದಲೇನಮ್ಮ ಮನೆಮನೆಗೆ ಹೋದಳು. ಎಲ್ಲರೂ ಅಯ್ಯೋ ಪಾಪ ಅಂದರಂತೆ. ಅಷ್ಟು ಒಳ್ಳೆಯ ಮನಸ್ಸಿನ ಊರು ಅದು. ಎತ್ತುವುದಕ್ಕೆ ಮಾತ್ರ ಪ್ರತಿಯೊಬ್ಬರೂ ಪಕ್ಕದ ಮನೆಯವರ ಹೆಸರು ಹೇಳಿದರಂತೆ.

ಭಾನುವಾರ ಬಂತು. ನೆರೆಯವರನ್ನು ಪ್ರೀತಿಸಬೇಕು ಅಂತ ಗುಡಿಯ ಸ್ವಾಮಿಗಳು ಪ್ರಸಂಗ ಮಾಡಿದರು. ಊರು ತಲೆದೂಗಿತು. ಪೂಜೆ ಮುಗಿದು ಎದ್ದು ನೋಡಿದರೆ ಹೊಸ್ತಿಲ ಮೇಲೆ ಮೊರ, ಮೊರದಲ್ಲಿ ಕೂಸು, ಹೊರಗೆ ಮೆಟ್ಟಿಲ ಮೇಲೆ ಮದಲೇನಮ್ಮ.

ಮಲಗಿದ ಕೂಸನ್ನು ದಾಟಿದರೆ ಅದು ಬೆಳೆಯುವುದಿಲ್ಲ ಅನ್ನುವುದು ಆ ಊರಿನ ನಂಬಿಕೆ. ಎತ್ತಿದರೆ, ಸರಿಸಲು ಕೈ ಹಚ್ಚಿದರೂ, ಕೂಸು ತಮ್ಮದಾಗುತ್ತದೆ. ದಾಟುವ ಹಾಗಿಲ್ಲ, ಎತ್ತುವ ಹಾಗಿಲ್ಲ. ಇಡೀ ಊರು ಗುಡಿಯೊಳಗೇ ನಿಂತಿತಂತೆ. ಬಿಸಿಲು ನೆತ್ತಿಗೆ ಬಂತಂತೆ. ದೇವರ ಸನ್ನಿಧಿಯಲ್ಲಿ ಅಷ್ಟು ಹೊತ್ತು ಆ ಊರು ಹಿಂದೆಂದೂ ಇದ್ದಿರಲಿಲ್ಲವಂತೆ.

"ಅಜ್ಜಿ, ಮೊರ ಸರಿಸು. ಕೊಟ್ಟಿಗೇಲಿ ಹಸು ಕೂಗ್ತಾ ಅವೆ," ಅಂದ ರಾಯಪ್ಪಗೌಡ.

"ಇದೂ ಕೂಗ್ತಾ ಅದೆ ಕಣಪ್ಪ. ನಿನ್ನ ಕಿವಿಗೆ ಹಸು ಮಾತ್ರ ಕೇಳ್ತದಾ?"

"ಅದು ಯಾರ ಮಗೂನೋ ಏನೋ."

"ನೀನು ಹುಟ್ಟಿದಾಗ ಯಾರ ಮಗ ಅಂತ ಕೇಳಿ ಕೈಗೆ ತಗೊಂಡ್ನಾ ನಾನು?"

ಬಲಗಡೆಯವರು ನಕ್ಕರು. ಎಡಗಡೆಯವರು ಕೆಮ್ಮಿದರು.

ಕೂಸು ಜೋರಾಗಿ ಅತ್ತಿತು. ಕೆಳಗಿನ ಕೇರಿಯ ಸಹಾಯಮ್ಮ ಹಸಿ ಬಾಣಂತಿ. ಆ ಅಳು ಕೇಳಿ ಅವಳ ಎದೆಹಾಲು ತಾನಾಗಿ ಇಳಿದು ಕುಪ್ಪಸ ನೆನೆಯಿತಂತೆ. ಅವಳು ಬಾಗಿಲಿಗೆ ನಡೆದಳು. ಅತ್ತೆ ಸೆರಗು ಹಿಡಿದೆಳೆದಳು.

"ಅತ್ತೆ, ಸೆರಗು ಬಿಟ್ಟು ಮೊರ ಹಿಡೀರಿ. ಇಬ್ಬರೂ ಹಿಡಿದ್ರೆ ಅರ್ಧ ಭಾರ."

ಅತ್ತೆ ಸೊಸೆಯ ಮುಖ ನೋಡಿದಳು, ಕುಪ್ಪಸ ನೋಡಿದಳು, ಮೊರ ಹಿಡಿದಳು. ಇಬ್ಬರಿಗೆ ಅರ್ಧವಾದರೆ ನಾಲ್ವರಿಗೆ ಇನ್ನೂ ಹಗುರ ಅಂತ ಆಗ ಊರಿಗೆ ಹೊಳೆಯಿತಂತೆ. ಎಡದವರೂ ನುಗ್ಗಿದರು, ಬಲದವರೂ ನುಗ್ಗಿದರು. ಕೊನೆಗೆ ಉಳಿದವನು ರಾಯಪ್ಪಗೌಡ. ಮೊರದ ಅಂಚಿನಲ್ಲಿ ಬೆರಳಿಡಲೂ ಜಾಗವಿಲ್ಲ.

"ಊರಿನ ಗೌಡ ನಾನು! ನನಗೇ ಜಾಗ ಇಲ್ವಾ?"

"ಕೈ ಮೇಲೆ ಕೈ ಇಡು. ಯಾರ ಕೈ ಅಂತ ನೋಡಬೇಡ," ಅಂದಳು ಮದಲೇನಮ್ಮ.

ಇಟ್ಟ. ಅದು ಕೆಳಗಿನ ಕೇರಿಯ, ತಮಟೆ ಬಾರಿಸುವ ಸವರಿಯ ಕೈ. ಆಕಾಶವೇನೂ ಕಳಚಿ ಬೀಳಲಿಲ್ಲವಂತೆ. ಮೊರ ಮೇಲೆದ್ದಿತು. ಗಂಟೆ ಬಾರಿಸಿ ಬಾರಿಸಿ ಹಗ್ಗವೇ ಹರಿಯಿತಂತೆ. ಮುದುಕಿ ಮೆಟ್ಟಿಲ ಮೇಲೆ ಕೂತಲ್ಲೇ ಜೋರಾಗಿ ನಕ್ಕಳಂತೆ. ಅವಳು ನಕ್ಕದ್ದನ್ನು ಊರು ಕಂಡದ್ದು ಅದೇ ಮೊದಲಂತೆ. ಗುಡಿಯ ಪುಸ್ತಕದಲ್ಲಿ ಜ್ಞಾನತಂದೆ, ಜ್ಞಾನತಾಯಿಯ ಹೆಸರಿಗೆ ಬಿಟ್ಟಿದ್ದು ಒಂದೇ ಗೆರೆ. ಸ್ವಾಮಿಗಳು ಯೋಚಿಸಿ ಯೋಚಿಸಿ "ಊರು" ಅಂತ ಬರೆದರಂತೆ.

ಕೂಸಿಗೆ ಹಲ್ಲು ಮೂಡುವ ಮೊದಲೇ ಮದಲೇನಮ್ಮ ಕಣ್ಣು ಮುಚ್ಚಿದಳು, ನಿಶ್ಚಿಂತೆಯಿಂದ. ಹುಡುಗಿ ಎಲ್ಲರ ಮನೆಯಲ್ಲಿ ಉಂಡು, ಎಲ್ಲರ ಮನೆಯಲ್ಲೂ ಬೈಸಿಕೊಂಡು ಬೆಳೆದಳಂತೆ.

ಇಂದಿಗೂ ಅಲ್ಲಿ ಯಾರ ಮನೆಯ ಕೂಸಿಗೆ ಜ್ಞಾನಸ್ನಾನವಾದರೂ ಮೊರಕ್ಕೆ ಇಡೀ ಊರು ಕೈ ಹಚ್ಚುತ್ತದೆ. ಕೈ ಎಟುಕದವರು ಮುಂದಿನವರ ಹೆಗಲು ಮುಟ್ಟುತ್ತಾರೆ. ಗೌಡರ ಮನೆಯವರು ಮಾತ್ರ ಅವತ್ತು ಎಲ್ಲರಿಗಿಂತ ಮೊದಲೇ ಬಂದು ಹೊಸ್ತಿಲ ಪಕ್ಕ ಜಾಗ ಹಿಡಿದು ನಿಂತಿರುತ್ತಾರಂತೆ.