ಬಾಕಿ ಉಳಿದ ಕಣ್ಣು

ಪರಮಯ್ಯ ಗುಡಿಗಾರರು ಶಿಷ್ಯರನ್ನು ಹೊಗಳಿದ್ದನ್ನು ಯಾರೂ ಕೇಳಿಲ್ಲ. ಅವರ ಕೆತ್ತನೆಮನೆಯಲ್ಲಿ ಕಟ್ಟಳೆ ಒಂದೇ. ಮೂರ್ತಿಯನ್ನು ಯಾರೇ ಕೆತ್ತಲಿ, ಕಣ್ಣು ಮಾತ್ರ ಗುರುಗಳು ಬಿಡಿಸಬೇಕು. ಆ ಕಣ್ಣು ಮೊದಲು ನೋಡುವುದು ಬಿಡಿಸಿದವರ ಮುಖವನ್ನೇ, ಅದನ್ನು ತಡೆದುಕೊಳ್ಳುವ ಶಕ್ತಿ ನಿಮಗೆಲ್ಲಿದೆ ಅನ್ನುತ್ತಿದ್ದರು.

ಒಂದು ಬೆಳಿಗ್ಗೆ ಅವರು ಶಿಷ್ಯೆ ದೇವಕಿಗೆ, "ಸಣ್ಣ ಉಳಿ ತಗೋ. ಪಟ್ಟಣಕ್ಕೆ ಹೋಗಿಬರೋಣ" ಎಂದರು.

"ಏನು ಕೆಲಸ?"

"ಹಳೇ ಕೆಲಸ."

ಬಸ್ಸಿಳಿದು ಹಳೇಪೇಟೆಯ ಓಣಿ ಹಿಡಿದರು. ಪಾತ್ರೆ ಅಂಗಡಿಗೂ ಬಟ್ಟೆ ಅಂಗಡಿಗೂ ನಡುವೆ ಒಂದು ಇಗರ್ಜಿ, ನೆತ್ತಿಯಲ್ಲಿ ಸಣ್ಣ ಶಿಲುಬೆ. ಹೊರಗಿನಿಂದ ನೋಡಿದರೆ ಇಷ್ಟೇನಾ ಅನ್ನಿಸಬೇಕು.

ಒಳಗೆ ಕಾಲಿಟ್ಟ ದೇವಕಿ ತಲೆಯೆತ್ತಿ ನೋಡಿದಳು. ಪೋರ್ಚುಗೀಸರ ಕಾಲದ, ಗೋಡೆಯೆತ್ತರದ ಮರದ ಬಲಿಪೀಠ. ತಿರುಚಿದ ಕಂಬಗಳು, ಅವನ್ನು ಸುತ್ತಿದ ದ್ರಾಕ್ಷಿಬಳ್ಳಿ, ಚಿಪ್ಪು, ಹೂಗೊಂಚಲು, ರೆಕ್ಕೆಯ ಮಕ್ಕಳು. ಬೆರಳಿಡಲೂ ಜಾಗವಿಲ್ಲ, ಎಲ್ಲಕ್ಕೂ ಚಿನ್ನದ ರೇಕು.

ಅವಳೂ ಉಳಿ ಹಿಡಿದವಳೇ ತಾನೆ. ಬೆರಗು ಇಳಿದ ಮೇಲೆ ತಪ್ಪು ಹುಡುಕಿದಳು. ಸಿಕ್ಕಿತು.

"ಬಲಗಡೆ ಆ ದೇವದೂತನ್ನ ನೋಡಿ. ಮೈಯೆಲ್ಲ ಚಿನ್ನ, ಮುಖ ಬರೀ ಮರ. ಕಣ್ಣೇ ಇಲ್ಲ. ಕೆತ್ತಿದವನಿಗೆ ಕಣ್ಣು ಬಿಡಿಸೋಕೆ ಬರ್ತಿರಲಿಲ್ಲ ಅಂತ ಕಾಣುತ್ತೆ."

"ಬರ್ತಿತ್ತು. ನನಗಿಂತ ಚೆನ್ನಾಗಿ."

ದೇವಕಿ ತಿರುಗಿ ನೋಡಿದಳು. ನಾಲ್ಕು ವರ್ಷದಲ್ಲಿ ಅವರ ಬಾಯಿಂದ ಅಂಥ ಮಾತು ಕೇಳಿರಲಿಲ್ಲ.

"ಯಾರವನು?"

"ಇನಾಸ. ನೀನು ಬರೋಕೆ ಮುಂಚೆ ನನ್ನ ಹತ್ತಿರ ಇದ್ದ. ಈ ಬದಿಯನ್ನ ಗೆದ್ದಲು ತಿಂದಾಗ, ಹೊಸದು ಮಾಡಿಕೊಡು ಅಂತ ಇವರು ಅವನನ್ನ ಕರೆದರು. ನನ್ನನ್ನಲ್ಲ. ಹೋಗ್ಲಾ ಅಂತ ಕೇಳಿದ. ಹೋದರೆ ಮತ್ತೆ ಈ ಕಡೆ ತಲೆ ಹಾಕಬೇಡ ಅಂದೆ."

"ಹೋದನಾ?"

"ಹುಟ್ಟಿದಾಗ ಅವನಿಗೆ ಹೆಸರಿಟ್ಟ ಇಗರ್ಜಿ ಇದು, ಹೋಗದೆ ಏನು ಮಾಡ್ತಾನೆ? ಅದೇ ವರ್ಷ ಒಂದು ಕಾರ್ಡು ಬಂತು. ಕಣ್ಣು ಬಾಕಿ ಇದೆ, ಬನ್ನಿ ಅಂತ. ಆಮೇಲೆ ಪ್ರತಿವರ್ಷ ಇವರ ಹಬ್ಬಕ್ಕೆ ಮುಂಚೆ ಅದೇ ಕಾರ್ಡು, ಅದೇ ಮಾತು. ಹನ್ನೊಂದು ಕಾರ್ಡು."

"ನೀವು ಬರಲಿಲ್ಲ?"

"ಹೊಟ್ಟೆಕಿಚ್ಚು ಕಣೇ. ಇನ್ನೇನು."

"ಮತ್ತೆ ಈಗ್ಯಾಕೆ ಬಂದ್ರಿ?"

"ಈ ವರ್ಷ ಕಾರ್ಡು ಬರಲಿಲ್ಲ."

ಇಗರ್ಜಿ ಗುಡಿಸುವ ರೆಜಿನಾಬಾಯಿ ಪೊರಕೆ ಹಿಡಿದು ಬಂದಳು. ದೇವಕಿಯ ಕೈಯಲ್ಲಿದ್ದ ಉಳಿ ನೋಡಿ ನಿಂತಳು.

"ನೀವು ಇನಾಸನ ಮೇಸ್ತ್ರಿಯಾ?"

ಪರಮಯ್ಯ ಹೌದೆಂದು ತಲೆಯಾಡಿಸಿದರು.

"ಮಳೆಗಾಲ ಮುಗಿಯೋ ಹೊತ್ತಿಗೆ ಹೋಗಿಬಿಟ್ಟ. ಎದೆನೋವು. ಬೇರೆಯವರ ಕೈಲಿ ಕಣ್ಣು ಬಿಡಿಸೋಣ ಅಂತ ಪಾದ್ರಿಗಳು ಎಷ್ಟು ಸಲ ಹೇಳಿದ್ರು, ಒಪ್ಪಲಿಲ್ಲ. ನಮ್ಮ ಮೇಸ್ತ್ರಿಗೆ ಸ್ವಲ್ಪ ಸಿಟ್ಟು, ಆದ್ರೆ ಬರ್ತಾರೆ ಅಂತಿದ್ದ."

ಅವಳೇ ಹೋಗಿ ಏಣಿ ತಂದು ಒರಗಿಸಿದಳು.

ಪರಮಯ್ಯ ಉಳಿ ತೆಗೆದುಕೊಂಡು ಹತ್ತಿದರು. ದೇವಕಿ ಏಣಿ ಹಿಡಿದಳು. ದೇವದೂತನ ಮುಖದ ಮೇಲೆ ಕಣ್ಣಿನ ಜಾಗಕ್ಕೆ ತೆಳ್ಳಗೆ ಪೆನ್ಸಿಲಿನ ಗೆರೆ ಎಳೆದಿತ್ತು. ಅವರು ಅದರ ಮೇಲಿನ ಧೂಳು ಊದಿದರು. ಉಳಿಯ ಮೊನೆಯನ್ನು ಗೆರೆಗೆ ತಾಗಿಸಿದರು, ಮತ್ತೆ ತೆಗೆದರು.

"ಗೆರೆ ಸರಿ ಇಲ್ವಾ?" ಎಂದಳು ದೇವಕಿ.

"ತಿದ್ದೋಕೆ ಏನೂ ಇಲ್ಲ."

ಹಾಗೆಂದು ಇಳಿದುಬಂದರು. ಉಳಿಯನ್ನು ಅವಳ ಕೈಗೆ ಕೊಟ್ಟರು. ಅವರ ಕಣ್ಣು ತುಂಬಿತ್ತು.

"ಏಣಿ ಅಲುಗುತ್ತಾ ಗುರುಗಳೇ? ನಾನು ಗಟ್ಟಿಯಾಗಿ ಹಿಡ್ಕೋತೀನಿ. ಇಷ್ಟು ದೂರ ಬಂದು ಹಾಗೇ ಹೋಗೋದಾ?"

ಪರಮಯ್ಯ ಏಣಿಯನ್ನು ಬಿಡದೆ ನಿಂತಿದ್ದರು.

"ಕಣ್ಣು ಬಿಟ್ಟ ಕೂಡಲೇ ಅವನು ನೋಡೋದು ನನ್ನ ಮುಖಾನೇ ಅಲ್ವಾ ದೇವಕಿ. ಏನಂತ ಹೇಳಲಿ ಅವನಿಗೆ?"